ಎಡತುದಿಯ 1 ಅಂದ್ರೆ ಸಾಲ

1/5
ಅಣಶಿ ಘಟ್ಟದ ಫೋಟೋ ಕೆಳಗೆ ಬೈನರಿ ಗುಣಾಕಾರ ಯಾಕೆ ಅಂತೀರಾ? ಈ ಕಡೆಯ ಎಷ್ಟೋ ಮಕ್ಕಳಿಗೆ ಮನೇಲಿ ಕೊಂಕಣಿ, ಶಾಲೇಲಿ ಕನ್ನಡ. ಹಳಿಯಾಳಕ್ಕೋ ಬೆಳಗಾವಿಗೋ ಹೋಗಿ ಇಂಜಿನಿಯರಿಂಗ್ ಸೇರಿದ್ರೆ ಪಾಠ ಇಂಗ್ಲಿಷಲ್ಲಿ. ಅಲ್ಲಿ ಟೂಸ್ ಕಾಂಪ್ಲಿಮೆಂಟ್ ಅಂದ್ರೆ "ಬಿಟ್ ಎಲ್ಲ ತಿರುಗಿಸು, 1 ಕೂಡಿಸು" ಅಂತ ಬಾಯಿಪಾಠ. ಯಾಕೆ ಅಂತ ತಿಳಿಯದ ಹುಡುಗಿ "ನಂಗೇ ತಲೆ ಇಲ್ಲ" ಅಂದ್ಕೊಳ್ತಾಳೆ. ತಲೆ ಇದೆ. ಹೇಳಿಕೊಡೋ ಕ್ರಮ ಉಲ್ಟಾ ಆಗಿದೆ ಅನ್ನೋದು ನನ್ನ ವಾದ.

2/5
ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಿಂದ ಶುರು ಮಾಡಿ. ನಾಲ್ಕು ಬಿಟ್‌ಗಳ ಬೆಲೆ 8, 4, 2, 1. ಟೂಸ್ ಕಾಂಪ್ಲಿಮೆಂಟಲ್ಲಿ ಬದಲಾಗೋದು ಒಂದೇ: ಎಡತುದಿಯ 8 ಜಮಾ ಅಲ್ಲ, ಸಾಲ. ಹಾಗಾಗಿ 1101 ಅಂದ್ರೆ 8 ಸಾಲ, 4+1 ಜಮಾ. ಒಟ್ಟು −3.

3/5
ಈಗ 5 × −3 ಮಾಡಿ. 1101ನ್ನು ಬಲದಿಂದ ಓದಿ. ಮೊದಲ 1ಕ್ಕೆ 5, ಆಮೇಲೆ 0, ಮೂರನೇದಕ್ಕೆ 20. ಕೊನೇದು ಸಾಲ, ಅದಕ್ಕೆ 40 ಕಳೀರಿ. 5+20−40 = −15. ಅದನ್ನೂ ಕೂಡಿಸಿದ್ರೆ 65 ಬರುತ್ತೆ: ಸಾಲವನ್ನು ಜಮಾ ಅಂತ ಬರೆದ ಅಂಗಡಿಯವನ ಲೆಕ್ಕ!

4/5
ಋಣ ಸಂಖ್ಯೆ ಮೇಲಿದ್ರೆ, ಅಂದ್ರೆ −3 × 5 ಆದ್ರೆ, ಮೊದಲು ಅದನ್ನು 8 ಬಿಟ್‌ಗೆ ಅಗಲ ಮಾಡ್ಬೇಕು: 11111101. ಎಡಕ್ಕೆ 1ಗಳನ್ನೇ ತುಂಬೋದು ಯಾಕೆ? 8 ಸಾಲ ಅಂದ್ರೂ ಒಂದೇ, 16 ಸಾಲ ಮಾಡಿ 8 ಜಮಾ ಇಟ್ಟುಕೊಂಡ್ರೂ ಒಂದೇ. ಪ್ರತಿ ಹೊಸ 1 ಸಾಲವನ್ನು ಒಂದು ಮನೆ ಎಡಕ್ಕೆ ದಾಟಿಸುತ್ತೆ ಅಷ್ಟೇ. ಈಗ 5ರಿಂದ ಗುಣಿಸಿ:
11111101 + 11110100 = 11110001
8 ಬಿಟ್ ಮೀರಿದ್ದನ್ನು ಬಿಟ್ಟುಬಿಡಿ. ಓದಿ ನೋಡಿ: −128+64+32+16+1 = −15.

5/5
1951ರಲ್ಲಿ ಆಂಡ್ರ್ಯೂ ಬೂತ್ ಪ್ರಕಟಿಸಿದ ವಿಧಾನವೂ ಅಂಗಡಿ ಬುದ್ಧಿಯೇ. 7ಕ್ಕೆ 4+2+1 ಅಂತ ಮೂರು ಸಲ ಕೂಡಿಸೋ ಬದಲು 8 ಕೊಟ್ಟು 1 ಚಿಲ್ಲರೆ ವಾಪಸ್ ತಗೊಳ್ಳೋದು. ಬಲದಿಂದ ಓದುವಾಗ 1ಗಳ ಸಾಲು ಶುರುವಾದಲ್ಲಿ ಕಳೀರಿ, ಮುಗಿದಲ್ಲಿ ಕೂಡಿಸಿ. ಎಡತುದಿಯಲ್ಲೇ 1 ಇದ್ರೆ ಆ ಸಾಲು ಮುಗಿಯೋದೇ ಇಲ್ಲ. ಕಳೆದದ್ದು ವಾಪಸ್ ಬರಲ್ಲ. ಋಣ ಚಿಹ್ನೆಗೆ ಬೇರೆ ನಿಯಮವೇ ಬೇಡ.

"ಪರೀಕ್ಷೆಗೆ ಸೂತ್ರ ಸಾಕು" ಅನ್ನೋರಿಗೆ: ಸೂತ್ರ ಮರೆತ್ರೆ ಮುಂದೆ ದಾರಿ ಇಲ್ಲ. ಸಾಲ-ಜಮಾ ತಿಳಿದವಳು ಸೂತ್ರವನ್ನು ತಾನೇ ಕಟ್ಟಿಕೊಳ್ತಾಳೆ. ಮೇಷ್ಟ್ರೇ, ಮೇಡಂ, "ತಿರುಗಿಸು, 1 ಕೂಡಿಸು" ಕೊನೇಗಿರಲಿ. ಮೊದಲ ಹತ್ತು ನಿಮಿಷ ಮಕ್ಕಳಿಗೆ ಗೊತ್ತಿರೋ ಮಾತಲ್ಲಿ ಉದ್ರಿ ಲೆಕ್ಕ ಹೇಳಿ.

ನಿಮಗೊಂದು ಲೆಕ್ಕ: 1000 × 1000, ಎರಡೂ −8. ಉತ್ತರಕ್ಕೆ ಎಷ್ಟು ಬಿಟ್ ಬೇಕು? ಕಾಮೆಂಟಲ್ಲಿ ಬರೀರಿ, ಯಾಕೆ ಅಂತಾನೂ ಹೇಳಿ.

#ಅಣಶಿ #ಜೋಯಿಡಾ #ಕನ್ನಡದಲ್ಲಿ_ಕಂಪ್ಯೂಟರ್