ತಲೆಪೆಟ್ಟು, ವಿಶ್ರಾಂತಿ ಮತ್ತು ಉದ್ಯೋಗದ ಚಿಂತೆ

ವೈದ್ಯರ ಲೇಖನಗಳ ನಡುವೆ ಬ್ಯಾಂಕಿನ ಅಧಿಕಾರಿಯೊಬ್ಬನ ಬರಹವೇಕೆ ಎಂದು ವಾಚಕರು ಕೇಳಬಹುದು. ನಾನು ವಾಣಿಜ್ಯಶಾಸ್ತ್ರದ ಪದವೀಧರ. ವೈದ್ಯಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲ. ಆದರೆ ಕಳೆದ ಕಾರ್ತಿಕದ ಮಳೆಯಲ್ಲಿ ಅಡ್ಯಾರಿನ ಲ್ಯಾಟಿಸ್ ಬ್ರಿಜ್ ರಸ್ತೆಯಲ್ಲಿ ಸ್ಕೂಟರ್ ಜಾರಿ ಬಿದ್ದ ಮೇಲೆ, ರೋಗಿಯ ಪಕ್ಷದಿಂದ ನಾಲ್ಕು ಮಾತು ಹೇಳುವ ಹಕ್ಕು ನನಗೂ ಬಂದಿದೆಯೆಂದು ಭಾವಿಸಿದ್ದೇನೆ.

ಹೆಲ್ಮೆಟ್ ಧರಿಸಿದ್ದೆನಾದ್ದರಿಂದ ಹೊರಗಾಯವಾಗಲಿಲ್ಲ. ಸಿ.ಟಿ. ಸ್ಕ್ಯಾನಿನಲ್ಲಿಯೂ ದೋಷ ಕಾಣಲಿಲ್ಲ. ವೈದ್ಯರು ಇದನ್ನು 'ಕನ್ಕಷನ್' ಎಂದರು. ಪೆಟ್ಟಿನ ರಭಸಕ್ಕೆ ಬುರುಡೆಯೊಳಗೆ ಮಿದುಳು ಅಲುಗಿ, ಅದರ ಕಾರ್ಯ ಕೆಲಕಾಲ ಏರುಪೇರಾಗುವ ಸ್ಥಿತಿ ಇದು. ಸಾಮಾನ್ಯವಾಗಿ ಸ್ಕ್ಯಾನಿಗೆ ಕಾಣದ ಈ ತೊಂದರೆ ರೋಗಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ: ತಲೆನೋವು, ತಲೆಸುತ್ತು, ಬೆಳಕು ಸದ್ದುಗಳನ್ನು ತಾಳಲಾಗದಿರುವುದು, ಮರೆವು, ಸಿಡುಕು, ನಿದ್ರಾಭಂಗ.

ಕೈ ಮುರಿದವನ ಪಟ್ಟಿಯನ್ನು ಕಂಡು ಎಲ್ಲರೂ ಮರುಗುತ್ತಾರೆ; ಕಾಣದ ಪೆಟ್ಟಿಗೆ ಆ ಮರುಕ ದೊರೆಯದು. ಒಂದು ಸಂಜೆ ಮನೆಯ ಹಾಲಿನ ಲೆಕ್ಕವನ್ನು ಮೂರು ಸಲ ಕೂಡಿಸಿದೆ. ಮೂರು ಮೊತ್ತಗಳು ಬಂದವು. ಇಪ್ಪತ್ತು ವರ್ಷ ಅಂಕಿಗಳನ್ನೇ ನಂಬಿ ಬಾಳಿದವನ ಎದೆ ಅಂದು ನಡುಗಿತು. ತಪ್ಪು ವೋಚರಿಗೆ ಸಹಿ ಹಾಕಿದರೆ? ನನ್ನ ಕುರ್ಚಿಯಲ್ಲಿ ಇನ್ನೊಬ್ಬರು ಕುಳಿತರೆ? ಹುಟ್ಟೂರಿನಿಂದ ದೂರ, ತಿಂಗಳ ಸಂಬಳವನ್ನೇ ನೆಚ್ಚಿದ ನಮ್ಮಂಥ ಸಂಸಾರಗಳಿಗೆ ಇದು ಸಣ್ಣ ಭಯವಲ್ಲ.

ವೈದ್ಯರ ಸಲಹೆ ಸರಳವಾಗಿತ್ತು. ಮೊದಲ ಒಂದೆರಡು ದಿನ ವಿಶ್ರಾಂತಿ, ಟಿ.ವಿ. ಮೊಬೈಲುಗಳು ಆದಷ್ಟು ಕಡಿಮೆ. ಅನಂತರ ನಡಿಗೆ, ಸ್ವಲ್ಪ ಓದು, ಮೆಲ್ಲಮೆಲ್ಲನೆ ಕೆಲಸ. ತೊಂದರೆ ಹೆಚ್ಚಿದರೆ ಒಂದು ಮೆಟ್ಟಿಲು ಇಳಿಯಬೇಕು. ವಯಸ್ಕರಲ್ಲಿ ಬಹುಪಾಲು ಮಂದಿ ಕೆಲವೇ ವಾರಗಳಲ್ಲಿ ಗುಣಮುಖರಾಗುತ್ತಾರೆ. ಆದರೆ ಆತಂಕವು ನಿದ್ರೆ ಕೆಡಿಸಿ, ತಲೆನೋವನ್ನು ಬೆಳೆಸಿ, ಗುಣವಾಗುವುದನ್ನು ತಡಮಾಡಬಲ್ಲದು. ಪೆಟ್ಟಿನ ಬಳಿಕ ಮೇಲಿಂದ ಮೇಲೆ ವಾಂತಿ, ಏರುತ್ತಲೇ ಇರುವ ತಲೆನೋವು, ಅತಿಯಾದ ಮಂಪರು, ಸೆಳವು, ಕೈಕಾಲುಗಳ ನಿಶ್ಶಕ್ತಿ ಕಂಡರೆ ಮಾತ್ರ ಕ್ಷಣವೂ ತಡೆಯದೆ ಆಸ್ಪತ್ರೆಗೆ ಧಾವಿಸಬೇಕು.

ಮೂರನೆಯ ವಾರ 'ಫಿಟ್' ಎಂಬ ಸರ್ಟಿಫಿಕೇಟಿನೊಡನೆ ಕೆಲಸಕ್ಕೆ ಮರಳಿದೆ. ಡಿಸೆಂಬರ್ ತ್ರೈಮಾಸಿಕದ ಮುಕ್ತಾಯ ಸಮೀಪಿಸಿತ್ತು. ಮೊದಲ ದಿನವೇ ಪೂರ್ತಿ ಹೊರೆ. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲಿನ ಅಂಕಿಗಳು ತೇಲತೊಡಗಿದವು. ಯಾರನ್ನೂ ದೂರಲಾರೆ. ನಮ್ಮ ವ್ಯವಸ್ಥೆಯಲ್ಲಿ ನೌಕರನು 'ಫಿಟ್' ಇಲ್ಲವೆ 'ಅನ್‌ಫಿಟ್', ನಡುವೆ ಮೆಟ್ಟಿಲಿಲ್ಲ. ಲೆಕ್ಕ ತಾಳೆಯಾಗದ ಮೊತ್ತಕ್ಕಾದರೂ ಸಸ್ಪೆನ್ಸ್ ಖಾತೆ ಇದೆ. ಚೇತರಿಸಿಕೊಳ್ಳುತ್ತಿರುವ ಮನುಷ್ಯನಿಗೆ ಅದೂ ಇಲ್ಲ.

ಈ ಮೆಟ್ಟಿಲನ್ನು ಬೇರೆಯವರು ಕಟ್ಟಿಕೊಂಡಿದ್ದಾರೆ. ಬ್ರಿಟನ್ನಿನಲ್ಲಿ 2010ರಿಂದ ವೈದ್ಯರ ಪತ್ರದಲ್ಲಿ 'ಕೆಲಸ ಮಾಡಬಹುದು, ಆದರೆ ಹೀಗೆ' ಎಂದು ಬರೆಯಲು ಅವಕಾಶವಿದೆ: ಹಂತಹಂತವಾಗಿ ಮರಳುವುದು, ವೇಳೆಯ ಬದಲಾವಣೆ, ಕರ್ತವ್ಯದ ಬದಲಾವಣೆ. ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ 2019ರಿಂದ, ತಲೆಪೆಟ್ಟು ಬಿದ್ದ ಆಟಗಾರನ ಬದಲು ಮತ್ತೊಬ್ಬನು ಆಡಬಹುದು.

ಕುರ್ಚಿ ಹೋಗುವ ಭಯಕ್ಕೂ ಅಲ್ಲೊಂದು ಉತ್ತರವಿದೆ. 2021ರ ಆಗಸ್ಟಿನಲ್ಲಿ ನಾಟಿಂಗ್‌ಹ್ಯಾಮ್ ಟೆಸ್ಟಿಗೆ ಮುನ್ನ, ಅಭ್ಯಾಸದ ವೇಳೆ ನಮ್ಮ ಮಯಾಂಕ್ ಅಗರ್ವಾಲರ ಹೆಲ್ಮೆಟ್ಟಿಗೆ ಚೆಂಡು ಬಡಿಯಿತು. ಕನ್ಕಷನ್ನಿನ ಕಾರಣ ಅವರನ್ನು ಹೊರಗಿಟ್ಟರು. ಆರಂಭ ಆಟಗಾರನಾಗಿ ಇಳಿದ ಕೆ.ಎಲ್. ರಾಹುಲ್ 84 ಓಟಗಳನ್ನೂ, ಮುಂದೆ ಲಾರ್ಡ್ಸ್‌ನಲ್ಲಿ 129 ಓಟಗಳನ್ನೂ ಗಳಿಸಿದರು. ಜಾಗ ಹೋಯಿತೆಂದೇ ಎಲ್ಲರೂ ಎಣಿಸಿರಬೇಕು. ಅದೇ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನ್ಯೂಜಿಲೆಂಡಿನ ವಿರುದ್ಧ ಮಯಾಂಕ್ 150 ಮತ್ತು 62 ಗಳಿಸಿ ಪಂದ್ಯಪುರುಷರೆನಿಸಿದರು. ವಿಶ್ರಾಂತಿಯು ಸ್ಥಾನವನ್ನು ಕಸಿಯಬಹುದು, ಸಾಮರ್ಥ್ಯವನ್ನು ಕಸಿಯದು.

ನಮ್ಮ ಕಚೇರಿಗಳೂ ಇಷ್ಟನ್ನು ಮಾಡಲಾರವೆ? ಮೊದಲ ವಾರ ಅರ್ಧ ದಿನ, ಗಂಟೆಗೊಮ್ಮೆ ಬಿಡುವು, ಮುಖ್ಯ ಲೆಕ್ಕಗಳಿಗೆ ಇನ್ನೊಬ್ಬರ ಪರಿಶೀಲನೆ. ಒಬ್ಬರ ದಾಖಲೆಯನ್ನು ಇನ್ನೊಬ್ಬರು ತಾಳೆ ನೋಡುವುದು ಬ್ಯಾಂಕಿಗೆ ಹೊಸತಲ್ಲ. ನನ್ನ ಪಕ್ಕದ ಮೇಜಿನ ತಮಿಳು ಮಿತ್ರರು ಕೇಳದೆಯೇ ಹತ್ತು ದಿನ ನನ್ನ ಲೆಕ್ಕಗಳನ್ನು ಮತ್ತೆ ಕೂಡಿಸಿ ನೋಡಿದರು. ತಪ್ಪು ಸಿಕ್ಕಿದ್ದು ಎರಡು ಬಾರಿ ಮಾತ್ರ. ನನ್ನ ಭಯ ಹೋದದ್ದು ಮಾತ್ರೆಯಿಂದಲ್ಲ, ಆ ಹತ್ತು ದಿನಗಳಿಂದ.

ಸಂಘದ ಬಂಧುಗಳಲ್ಲಿ ಅಧಿಕಾರದ ಸ್ಥಾನದಲ್ಲಿರುವವರು ಅನೇಕರಿದ್ದಾರೆ. ನಾಳೆ ಅಂಥ ಸಹೋದ್ಯೋಗಿಯೊಬ್ಬರು ಮರಳಿ ಬಂದಾಗ 'ಚೆನ್ನಾಗಿಯೇ ಕಾಣುತ್ತೀರಲ್ಲ' ಎನ್ನುವ ಬದಲು 'ಇಂದು ಎಷ್ಟು ಹೊತ್ತು ಸಾಧ್ಯ?' ಎಂದು ಕೇಳಬೇಕೆಂಬುದೇ ನನ್ನ ವಿಜ್ಞಾಪನೆ.