ಮಗು ಸುಮ್ಮನಾದರೆ ಸಾಕೇ?

‘ಸ್ವಲ್ಪ ಶಾಂತವಾಗಿರೋ ಹಾಗೆ ಏನಾದ್ರೂ ಮಾತ್ರೆ ಬರೆಸ್ಕೊಂಡು ಬನ್ನಿ.’ ಎಡಿಎಚ್‌ಡಿ (ಗಮನ ನಿಲ್ಲದಿರುವಿಕೆ, ಅತಿ ಚಟುವಟಿಕೆ) ಇರುವ ಮಗುವಿನ ತಂದೆ-ತಾಯಿಗೆ ಶಾಲೆಯಿಂದ ಬರುವ ಸಲಹೆ ಇದು. ಮಗುವಿಗೆ ಆತಂಕವೂ ಇದೆ ಎಂದು ಗೊತ್ತಾದರಂತೂ ಮುಗಿದೇ ಹೋಯಿತು. ಶಾಲೆಗೆ, ನೆಂಟರಿಗೆ, ಅವಸರದ ಡಾಕ್ಟರಿಗೆ, ಎಲ್ಲರಿಗೂ ಕಾಣುವುದು ಮಾತ್ರೆಯ ದಾರಿಯೊಂದೇ. ಇದು ಚಿಕಿತ್ಸೆಯಲ್ಲ, ಮಗುವಿನ ಬಾಯಿ ಮುಚ್ಚಿಸುವ ಕೆಲಸ.

ಆ ಆತಂಕ ಎಲ್ಲಿಂದ ಬಂತು ಎಂದು ಇವರಲ್ಲಿ ಯಾರಾದರೂ ಕೇಳಿದ್ದಾರೆಯೇ? ಅಂಥ ಮಗುವಿನ ಶಾಲಾ ಡೈರಿ ತೆರೆದು ನೋಡಿ. ‘ಹೋಮ್‌ವರ್ಕ್ ಪೂರ್ತಿ ಮಾಡಿಲ್ಲ’, ‘ಪುಸ್ತಕ ತಂದಿಲ್ಲ’, ‘ಒಂದು ಕಡೆ ಕೂರುವುದಿಲ್ಲ’, ಕೆಳಗೆ ಪೋಷಕರ ಸಹಿ. ಪುಟ ತಿರುವಿದರೆ ಮತ್ತದೇ ಕೆಂಪು ಇಂಕು. ಶಾಲೆಯಲ್ಲಿ ಬೈಸಿಕೊಂಡು, ಆ ಸಹಿ ಹಾಕಿಸಲು ಮನೆಯಲ್ಲೂ ಬೈಸಿಕೊಳ್ಳುವ ಮಗುವಿಗೆ ಭಾನುವಾರ ಸಂಜೆ ಹೊಟ್ಟೆನೋವು ಬಾರದೆ ಇನ್ನೇನು ಬಂದೀತು?

1999ರಲ್ಲಿ ಪ್ರಕಟವಾದ ಎಂಟಿಎ ಅಧ್ಯಯನವನ್ನು ಈ ‘ಮಾತ್ರೆ ಬರೆಸಿ’ ಎನ್ನುವವರ ಮುಂದೆ ಇಡಲೇಬೇಕು. ಅಮೆರಿಕ ಮತ್ತು ಕೆನಡಾದ 579 ಎಡಿಎಚ್‌ಡಿ ಮಕ್ಕಳನ್ನು 14 ತಿಂಗಳ ಕಾಲ ಚಿಕಿತ್ಸೆಯಲ್ಲಿಟ್ಟು ನೋಡಿದ ಅಧ್ಯಯನ ಅದು. ಎಡಿಎಚ್‌ಡಿಯ ಮುಖ್ಯ ಲಕ್ಷಣಗಳ ಮಟ್ಟಿಗೆ ಔಷಧದ್ದೇ ಮೇಲುಗೈ ಎಂಬುದು ಅದರ ಫಲಿತಾಂಶ. ಆದರೆ ಆ ಮಕ್ಕಳಲ್ಲಿ ಮೂರರಲ್ಲೊಂದು ಪಾಲಿಗೆ ಆತಂಕವೂ ಇತ್ತು, ಅವರ ವಿಷಯದಲ್ಲಿ ವರ್ತನಾ ಚಿಕಿತ್ಸೆ ಔಷಧಕ್ಕೆ ಸರಿಸಮವಾಗಿ ನಿಂತಿತು. ಅಪ್ಪ-ಅಮ್ಮನಿಗೆ ತರಬೇತಿ, ತರಗತಿಯಲ್ಲಿ ಸಹಾಯಕರು, ದಿನಕ್ಕೆ ಎರಡು-ಮೂರು ಸಣ್ಣ ಗುರಿ, ಸಂಜೆ ಮನೆಗೆ ಬರುವ ಕಾರ್ಡ್, ಗುರಿ ಮುಟ್ಟಿದರೆ ಮೆಚ್ಚುಗೆ: ಚಿಕಿತ್ಸೆ ಎಂದರೆ ಇಂಥವೇ. ಆತಂಕವಿರುವ ಮಗುವಿಗೆ ಎಡಿಎಚ್‌ಡಿಯ ಸ್ವಂತ ಔಷಧಕ್ಕೇ ಸಮನಾಗಿ ನಿಲ್ಲುವ ದಾರಿಯೊಂದಿರುವಾಗ, ಅದನ್ನು ಒಂದು ದಿನವೂ ಪ್ರಯತ್ನಿಸದೆ ಮಂಪರಿನ ಮಾತ್ರೆಗೆ ಕೈ ಹಾಕುವುದು ಯಾವ ನ್ಯಾಯ?

ಆತಂಕಕ್ಕೆಂದು ಕೊಡುವ ಆಲ್‌ಪ್ರಜೋಲಂನಂಥ ಮಂಪರಿನ ಮಾತ್ರೆಗಳ ಕಥೆ ಇನ್ನೂ ಕೆಟ್ಟದ್ದು. 18 ವರ್ಷ ದಾಟದವರಲ್ಲಿ ಅದು ಸುರಕ್ಷಿತವೆಂದು ಸಾಬೀತಾಗಿಲ್ಲ. ಕೆಲವು ಮಕ್ಕಳು ಅದನ್ನು ನುಂಗಿ ಶಾಂತವಾಗುವ ಬದಲು ಇನ್ನಷ್ಟು ಕೆರಳುತ್ತಾರೆ. ಈ ಗುಂಪಿನ ಔಷಧಗಳು ಚಟ ಹಿಡಿಸುತ್ತವೆ, ದೇಹ ಅವುಗಳಿಗೆ ಒಗ್ಗಿಹೋಗುತ್ತದೆ ಎಂದು ಅಮೆರಿಕದ ಎಫ್‌ಡಿಎ 2020ರಲ್ಲಿ ಅತಿ ಕಟುವಾದ ಎಚ್ಚರಿಕೆಯನ್ನು ಅವುಗಳ ಲೇಬಲ್ಲಿಗೆ ಹಾಕಿಸಿತು. ನಮ್ಮಲ್ಲಿ ಏನಾಗಿದೆ ನೋಡಿ. ಎಡಿಎಚ್‌ಡಿಗೆ ದಶಕಗಳಿಂದ ಪರೀಕ್ಷೆಗೊಳಪಟ್ಟ ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್‌ನಲ್ಲಿದೆ: ಎರಡು ಪ್ರತಿ ಚೀಟಿ, ಬೀಗ ಹಾಕಿದ ಕಪಾಟು, ಬೇರೆಯೇ ಲೈಸೆನ್ಸ್. ತಾಲ್ಲೂಕಿನ ಮೆಡಿಕಲ್ ಶಾಪ್‌ನಲ್ಲಿ ಅದನ್ನು ಹುಡುಕುವುದೇ ಒಂದು ಪಾಡು. ಆಲ್‌ಪ್ರಜೋಲಂ ಮಾತ್ರ ಶೆಡ್ಯೂಲ್ ಎಚ್1ರಲ್ಲಿದೆ, ಚೀಟಿ ತೋರಿಸಿ ರಿಜಿಸ್ಟರ್‌ನಲ್ಲಿ ಹೆಸರು ಬರೆಸಿದರೆ ಸಾಕು. ಆ ರಿಜಿಸ್ಟರ್ ಎಷ್ಟು ಅಂಗಡಿಗಳಲ್ಲಿ ನೆಟ್ಟಗಿದೆ ಎಂದು ಔಷಧ ನಿಯಂತ್ರಣ ಇಲಾಖೆಯವರೇ ಹೋಗಿ ನೋಡಲಿ.

ಔಷಧವೆಂದರೆ ವಿಷ ಎನ್ನುವವರ ಪಕ್ಷ ನನ್ನದಲ್ಲ. ಆತಂಕ ತೀವ್ರವಾಗಿದ್ದಾಗ ಸರ್ಟ್ರಲಿನ್‌ನಂಥ ಔಷಧ ಬೇಕಾಗಬಹುದು. ಆದರೆ ಆತಂಕವಿದ್ದ 488 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಆ ಔಷಧವೊಂದನ್ನೇ ಪಡೆದವರಲ್ಲಿ ಸುಧಾರಿಸಿದವರು ಶೇ 55ರಷ್ಟು, ಜತೆಗೆ ಮನೋಚಿಕಿತ್ಸೆಯೂ ಸಿಕ್ಕವರಲ್ಲಿ ಶೇ 81ರಷ್ಟು. ಮತ್ತೆ ಅದೇ ಮಾತು: ಮಗುವಿನ ಜತೆ ಕೂತು ಕೆಲಸ ಮಾಡುವ ಮನುಷ್ಯರು ಬೇಕು.

ಆ ಮನುಷ್ಯರು ಎಲ್ಲಿದ್ದಾರೆ? ಪ್ರಾಥಮಿಕ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಲಕ್ಷಗಟ್ಟಲೆ ಫೀ ವಸೂಲು ಮಾಡುವ ಶಾಲೆಗಳೂ ಒಂದೊಂದು ಕೊಠಡಿಯಲ್ಲಿ ಅದಕ್ಕಿಂತ ಹೆಚ್ಚು ಮಕ್ಕಳನ್ನು ತುಂಬುತ್ತವೆ. ಈಜುಕೊಳಕ್ಕೆ ದುಡ್ಡಿದೆ, ಸ್ಮಾರ್ಟ್ ಬೋರ್ಡಿಗೆ ದುಡ್ಡಿದೆ, ಒಬ್ಬ ಆಪ್ತಸಮಾಲೋಚಕರ ಸಂಬಳಕ್ಕೆ ಮಾತ್ರ ಇಲ್ಲ. ಸರ್ಕಾರಿ ಶಾಲೆಯ ಮಗುವಿನ ಗತಿ ಹೇಳುವುದೇ ಬೇಡ. ಬೀದರ್‌ನ ತಾಯಿ ಮಗುವನ್ನು ಕಟ್ಟಿಕೊಂಡು ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರಬೇಕೇ? ಕಾನೂನಿನ ಕಡೆ ನೋಡಿದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲಿ ಎಡಿಎಚ್‌ಡಿಯ ಹೆಸರೇ ಇಲ್ಲ. ದೊಡ್ಡವರು ಮಾಡಬೇಕಾದ ಇಷ್ಟೂ ಕೆಲಸ ಬಾಕಿ ಉಳಿಸಿಕೊಂಡು, ಅದರ ಬದಲಿಗೆ ಒಂಬತ್ತು ವರ್ಷದ ಮಗುವಿನ ನಾಲಿಗೆಯ ಮೇಲೆ ಮಾತ್ರೆ ಇಡುತ್ತಿದ್ದೇವೆ.

ತಂದೆ-ತಾಯಿಗಳಲ್ಲಿ ಒಂದು ವಿನಂತಿ. ಮಾತ್ರೆ ಈಗಾಗಲೇ ಶುರುವಾಗಿದ್ದರೆ ಈ ಲೇಖನ ಓದಿ ಏಕಾಏಕಿ ನಿಲ್ಲಿಸಬೇಡಿ, ಅದು ಅಪಾಯ. ಚೀಟಿ ಹಿಡಿದು ಮಕ್ಕಳ ಮನೋವೈದ್ಯರ ಹತ್ತಿರ ಹೋಗಿ. ಇದು ಯಾವ ಔಷಧ, ಎಷ್ಟು ದಿನ, ಇದರ ಜತೆ ವರ್ತನಾ ಚಿಕಿತ್ಸೆ ಯಾವಾಗ ಶುರು ಎಂದು ಕೇಳಿ. ಉತ್ತರ ಸಿಗುವ ತನಕ ಕುರ್ಚಿ ಬಿಟ್ಟು ಏಳಬೇಡಿ.