ಆಗಸದ ಗಡಿಯಾರಗಳು

ಮಾಗಡಿ ಸೀಮೆಯ ಕೆಂಪಾಪುರದಲ್ಲಿ ಅಮಾವಾಸ್ಯೆಯ ಇರುಳು ತಲೆಯೆತ್ತಿ ನೋಡಿದವರಿಗೂ ಪಲ್ಸಾರುಗಳು ಕಾಣಿಸವು. ಸತ್ತ ನಕ್ಷತ್ರಗಳ ತಿರುಳುಗಳಿವು. ಕೆಲವು ಸೆಕೆಂಡಿಗೆ ನೂರಾರು ಸಲ ಸುತ್ತುತ್ತ, ಗಡಿಯಾರ ನಾಚುವಂತೆ ರೇಡಿಯೋ ಮಿಡಿತ ಕಳುಹುತ್ತವೆ. ನಡುವೆ ಗುರುತ್ವದ ಅಲೆ ಹಾಯ್ದರೆ ಮಿಡಿತವು ಸೆಕೆಂಡಿನ ಕೋಟಿಯಲ್ಲೊಂದು ಪಾಲಿನಷ್ಟು ಹಿಂದುಮುಂದಾದೀತು. ಒಂದೇ ತಪ್ಪಿದರೆ ದೋಷ ಅದರದೇ ಇರಬಹುದು. ಹಲವು ಒಂದೇ ಕ್ರಮದಲ್ಲಿ ತಪ್ಪಿದರೆ?

ಪುಣೆಯ ಬಳಿ ಖೋಡದದ 30 ಬೃಹತ್ ರೇಡಿಯೋ ತಟ್ಟೆಗಳಿಂದ ಭಾರತ, ಜಪಾನುಗಳ ವಿಜ್ಞಾನಿಗಳು ಪಡೆದ ಲೆಕ್ಕ ಯೂರೋಪಿನ ಸುಮಾರು 25 ವರ್ಷಗಳ ಎಣಿಕೆಯೊಡನೆ ಕೂಡಿತು. 25 ಪಲ್ಸಾರುಗಳಲ್ಲಿ ಅಂಥ ಕ್ರಮದ ಸುಳಿವು ದೊರೆತುದನ್ನು 2023ರ ಜೂನ್ 29ರಂದು ಪ್ರಕಟಿಸಲಾಯಿತು. ದೈತ್ಯ ಕೃಷ್ಣರಂಧ್ರಗಳ ಜೋಡಿಗಳೇ ಮೂಲವೆಂಬುದು ಹೆಚ್ಚಿನವರ ಊಹೆ. ವಿಶ್ವದ ಶೈಶವದ ಅಲೆಯೂ ಬೆರೆತಿದ್ದರೆ, ಬೆಳಕಿಗೆ ಬಿಡುಗಡೆಯಿಲ್ಲದಿದ್ದ ಮೊದಲ 3,80,000 ವರ್ಷಗಳ ಸುದ್ದಿಯೂ ಅದರಲ್ಲುಂಟು. ಬೇರ್ಪಡಿಸುವ ಎಣಿಕೆ ನಡೆದೇ ಇದೆ.